ವಿದ್ಯಾಪೀಠದ ಬಾಗಿಲಲ್ಲಿ ರಹದಾರಿ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ 1952ರ ಶಾಸನವು ಅನಧಿಕೃತವಾಗಿ ನೆಲೆಸಿದ ಪರದೇಶೀಯನಿಗೆ ಆಶ್ರಯವೀಯುವುದನ್ನು ಅಪರಾಧವೆಂದಿತು. ಆದರೆ ಅವನನ್ನು ಕೆಲಸಕ್ಕಿಟ್ಟುಕೊಳ್ಳುವುದನ್ನು ಆಶ್ರಯವೆಂದೆಣಿಸಲಿಲ್ಲ. ಟೆಕ್ಸಾಸಿನ ಹೊಲದೊಡೆಯರಿಗೆ ಇದರಿಂದಾದ ಅನುಕೂಲವನ್ನು ವಾಚಕರೇ ಊಹಿಸಬಹುದು. 1986ರ ನವೆಂಬರ್ 6ರಂದು ಅಧ್ಯಕ್ಷ ರೇಗನ್ನರು ಅಂಕಿತವಿತ್ತ ಶಾಸನವು ಈ ಕಿಂಡಿಯನ್ನು ಮುಚ್ಚಿ, ನೌಕರರ ಪತ್ರಪರಿಶೀಲನೆಯ ಭಾರವನ್ನು ಯಜಮಾನರ ಮೇಲೆಯೇ ಹೊರಿಸಿತು. ವಿಶ್ವವಿದ್ಯಾನಿಲಯಗಳಿಗೂ ವಿನಾಯಿತಿಯಿಲ್ಲ. ಸೇರಿದ ಮೊದಲ ದಿನವೇ ನೌಕರನು ‘ಐ-9’ ಎಂಬ ನಮೂನೆಯಲ್ಲಿ ತನ್ನ ಭಾಗವನ್ನು ತುಂಬಬೇಕು; ಮೂರು ಕೆಲಸದ ದಿನಗಳೊಳಗೆ ಕಚೇರಿಯವರು ಅವನ ಪತ್ರಗಳನ್ನು ಪರೀಕ್ಷಿಸಬೇಕು. ಮೈಸೂರಿನಿಂದ ಹೋದ ಪಂಡಿತನಿಗೂ ಅಲ್ಲಿಯೇ ಹುಟ್ಟಿದ ಜವಾನನಿಗೂ ಒಂದೇ ವಿಧಿ. ಒಪ್ಪಿತ ಪತ್ರಗಳಲ್ಲಿ ಯಾವುದನ್ನು ತೋರಿಸಬೇಕೆಂಬ ಆಯ್ಕೆ ಮಾತ್ರ ನೌಕರನದು; ಪರದೇಶೀಯನೆಂದು ಮುಖ ನೋಡಿ ಹೆಚ್ಚಿನ ಪತ್ರ ಕೇಳಿದರೆ ಸಂಸ್ಥೆಯೇ ತಪ್ಪಿಗೆ ಗುರಿ. ಶಾಸನಕ್ಕೆ ಮುನ್ನವೇ ಹುದ್ದೆಯಲ್ಲಿದ್ದವರನ್ನು ಅದು ಮುಟ್ಟಲಿಲ್ಲ. ಶಿಕಾಗೋದಲ್ಲಿ ಬಹುಕಾಲದಿಂದ ಬೋಧಿಸುತ್ತಿದ್ದ ನಮ್ಮ ಎ. ಕೆ. ರಾಮಾನುಜನ್ನರ ತಲೆಮಾರಿಗೆ ಈ ನಮೂನೆಯ ಗೊಡವೆಯಿರಲಿಲ್ಲ.