ಕಹಿಬಾದಾಮಿಯ ಬೇಲಿ

ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ 1505ರಲ್ಲಿ ಕೋಟೆ ಕಟ್ಟಿಸಿದವನು, ಅದೇ ವರ್ಷ ಹೊನ್ನಾವರದ ಬಂದರಿನಲ್ಲಿ ಹಡಗುಗಳಿಗೆ ಬೆಂಕಿಯಿಡಿಸಿದವನು, ಪೋರ್ಚುಗೀಸರ ಮೊದಲ ವೈಸ್‌ರಾಯ್ ಫ್ರಾನ್ಸಿಸ್ಕೊ ದ ಅಲ್ಮೇಡ. 1509ರಲ್ಲಿ ದೀವ್ ಕದನವನ್ನು ಗೆದ್ದು ಅರಬ್ಬೀ ಸಮುದ್ರವನ್ನು ಆಳಿದ ಈ ದಳಪತಿಯ ಅಂತ್ಯ ಯಾವ ಸುಲ್ತಾನನ ಸೈನ್ಯದಿಂದಲೂ ಆಗಲಿಲ್ಲ. ಊರಿಗೆ ಮರಳುವ ದಾರಿಯಲ್ಲಿ, ಆಫ್ರಿಕದ ದಕ್ಷಿಣ ತುದಿಗೆ ಹತ್ತಿರದ ಟೇಬಲ್ ಕೊಲ್ಲಿಯಲ್ಲಿ ಅವನ ಹಡಗುಗಳು ನೀರಿಗಾಗಿ ನಿಂತವು. ನಾವಿಕರಿಗೂ ದಡದ ಖೋಯ್‌ಖೋಯ್ ಜನರಿಗೂ ಜಗಳ ಹತ್ತಿತು. 1510ರ ಮಾರ್ಚ್ 1ರಂದು ಪೋರ್ಚುಗೀಸರು ಅವರ ಹಟ್ಟಿಯ ಮೇಲೆ ಬಿದ್ದು ದನಗಳನ್ನೂ ಮಕ್ಕಳನ್ನೂ ಹಿಡಿದು ಹೊರಟರು. ಖೋಯ್‌ಖೋಯ್‌ಗಳು ಬೆನ್ನಟ್ಟಿದರು. ತಮ್ಮ ಕೂಗಿಗೆ ಓಗೊಡುವಂತೆ ಪಳಗಿಸಿದ್ದ ಎತ್ತುಗಳನ್ನು ಮುಂದೆ ಬಿಟ್ಟು, ಅವುಗಳ ಮರೆಯಿಂದ ಈಟಿ ಎಸೆದರು. ಅಲ್ಮೇಡನೊಂದಿಗೆ ಐವತ್ತಕ್ಕೂ ಹೆಚ್ಚು ಮಂದಿ ಆ ಮರಳಿನಲ್ಲಿ ಬಿದ್ದರು. ತುರುಗಾಳಗದಲ್ಲಿ ಮಡಿದವರಿಗೆ ಊರೂರಲ್ಲಿ ವೀರಗಲ್ಲು ನಿಲ್ಲಿಸಿದ ಕನ್ನಡ ನಾಡಿಗೆ ಆ ಪಶುಪಾಲಕರ ರೋಷವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಅವರು ಒಂದೆಡೆ ನೆಲೆನಿಂತವರಲ್ಲ. ಬಾಗಿಸಿದ ಗಳಗಳ ಮೇಲೆ ಚಾಪೆ ಹೊದಿಸಿದ ಗುಡಿಸಲುಗಳನ್ನು ಎತ್ತಿನ ಬೆನ್ನಿಗೆ ಹೇರಿಕೊಂಡು, ಋತುವಿಗೆ ತಕ್ಕಂತೆ ಹುಲ್ಲಿನ ಬೆನ್ನು ಹಿಡಿದು ಸಾಗುವವರು. ಹಾಲು ಅವರ ಆಹಾರ, ಮಂದೆಯೇ ಸಿರಿ. ಇಂಥ ಕುಲದ ಹುಲ್ಲು ಇಂಥಲ್ಲಿ ಎಂಬುದು ಅವರವರಿಗೆ ಗೊತ್ತಿತ್ತು. ಬಂದು ಹೋಗುವ ನೆಲವೂ ಸ್ವಂತದ ನೆಲವೇ ಎಂಬ ಈ ತಿಳಿವಳಿಕೆಗೆ ಯೂರೋಪಿನವರ ಕಾನೂನಿನಲ್ಲಿ ಜಾಗವಿರಲಿಲ್ಲ. ಮುಂದಿನ ಕೇಡೆಲ್ಲ ಹುಟ್ಟಿದ್ದು ಇಲ್ಲಿಂದ.

1652ರ ಏಪ್ರಿಲ್ 6ರಂದು ಡಚ್ ಈಸ್ಟ್ ಇಂಡಿಯಾ ಕಂಪನಿಯ ಯಾನ್ ವಾನ್ ರಿಬೇಕ್ ಅದೇ ಕೊಲ್ಲಿಗೆ ಬಂದನು. ಏಷ್ಯಕ್ಕೆ ಹೋಗಿಬರುವ ಹಡಗುಗಳಿಗೆ ನೀರು, ಕಾಯಿಪಲ್ಯ, ಮಾಂಸ ಒದಗಿಸುವ ತಂಗುದಾಣವೊಂದೇ ಅವನಿಗೆ ವಹಿಸಿದ ಕೆಲಸ. ಮಾಂಸಕ್ಕೆ ಖೋಯ್‌ಖೋಯ್‌ಗಳ ಮಂದೆಯೇ ಗತಿ. ತಾಮ್ರ, ತಂಬಾಕು ಕೊಟ್ಟು ದನ ಕೊಳ್ಳುವ ವ್ಯಾಪಾರ ನಡೆಯಿತು. ಮಾತಿಗೆ ನಡುವೆ ನಿಂತವನು ಔತ್ಶುಮಾವ್. ಹಿಂದೆ ಇಂಗ್ಲಿಷರ ಹಡಗಿನಲ್ಲಿ ಜಾವಾದ ಬಾಂಟಮ್‌ವರೆಗೆ ಹೋಗಿ ಅವರ ಭಾಷೆ ಕಲಿತು ಬಂದಿದ್ದ ಮುಖಂಡ ಅವನು. ಅವನ ಸಂಬಂಧದ ಹುಡುಗಿ ಕ್ರೊಟೊವಾ ಎಳವೆಯಲ್ಲೇ ರಿಬೇಕ್‌ನ ಮನೆ ಸೇರಿ, ಡಚ್ಚರ ಭಾಷೆಯನ್ನು ಅವರಂತೆಯೇ ಆಡಬಲ್ಲವಳಾದಳು. ಎರಡೂ ಕಡೆಯವರು ಅವಳನ್ನು ನೆಚ್ಚಿದರು, ಎರಡೂ ಕಡೆಯವರು ಶಂಕಿಸಿದರು. ಮುಂದೆ ಕ್ರೈಸ್ತಳಾಗಿ, ಕಂಪನಿಯ ಶಸ್ತ್ರವೈದ್ಯನನ್ನು ಮದುವೆಯಾಗಿ, ವಿಧವೆಯಾದ ಮೇಲೆ ರಾಬೆನ್ ದ್ವೀಪಕ್ಕೆ ಗಡಿಪಾರಾಗಿ 1674ರಲ್ಲಿ ತೀರಿಕೊಂಡಳು. ಆ ಕಾಲದ ಕಡತಗಳಲ್ಲಿ ಇವಳಷ್ಟು ನೋಯಿಸುವ ಬಾಳು ನನಗೆ ಮತ್ತೊಂದು ಕಾಣದು.

1657ರಲ್ಲಿ ಕಂಪನಿ ತನ್ನ ಒಂಬತ್ತು ಮಂದಿ ನೌಕರರನ್ನು ಚಾಕರಿಯಿಂದ ಬಿಡಿಸಿ ಲೀಸ್‌ಬೇಕ್ ಹೊಳೆಯ ದಂಡೆಯಲ್ಲಿ ಹೊಲ ಕೊಟ್ಟಿತು. ತಂಗುದಾಣ ವಸಾಹತಾದದ್ದು ಆಗ. ನೇಗಿಲು ಇಳಿದ ನೆಲ ಗೊರಿಂಗೈಕ್ವಾ ಮುಂತಾದ ಕುಲಗಳ ಹುಲ್ಲುಗಾವಲು. ದನ ನೀರಿಗೆ ಇಳಿಯುತ್ತಿದ್ದ ದಾರಿಗಳು ಮುಚ್ಚಿಹೋದವು. 1659ರಲ್ಲಿ ಯುದ್ಧವೆದ್ದಿತು. ಅದರ ಮುಂದಾಳು ಡೊಮಾನ್ ದುಭಾಷಿಯಾಗಿ ಜಾವಾದ ಬಟಾವಿಯಕ್ಕೆ ಹೋಗಿ ಬಂದವನು, ಡಚ್ಚರ ಬಂದೂಕಿನ ಬಲವನ್ನೂ ಕುಂದನ್ನೂ ಅರಿತವನು. ನೆನೆದರೆ ಆ ಬತ್ತಿಬಂದೂಕು ಹಾರುವುದಿಲ್ಲ. ಅದಕ್ಕಾಗಿ ಮಳೆ ಹಿಡಿದ ದಿನಗಳನ್ನೇ ಆರಿಸಿಕೊಂಡು ಅವನ ಜನ ದನಗಳನ್ನು ಹೊಡೆದುಕೊಂಡು ಹೋದರು, ಉಳುವ ಎತ್ತುಗಳಿಲ್ಲದಂತೆ ಮಾಡಿದರು. ಆದರೆ ಡಚ್ಚರ ಕೋಟೆಯನ್ನು ಮುರಿಯಲಾಗಲಿಲ್ಲ.

1660ರಲ್ಲಿ ಸಂಧಿಗೆ ಕುಳಿತಾಗ ನಡೆದ ಮಾತನ್ನು ರಿಬೇಕ್ ತನ್ನ ದಿನಚರಿಯಲ್ಲಿ ತಾನೇ ಬರೆದಿಟ್ಟಿದ್ದಾನೆ. ನಾವು ಹಾಲೆಂಡಿಗೆ ಬಂದು ಹೀಗೆ ಮಾಡಿದ್ದರೆ ನೀವು ಬಿಡುತ್ತಿದ್ದಿರೇ ಎಂದು ಖೋಯ್‌ಖೋಯ್‌ಗಳು ಕೇಳಿದರು. ಹುಲ್ಲು ಎರಡು ಮಂದೆಗೆ ಸಾಲದೆಂದರೆ ಹಿಂದೆ ಸರಿಯಬೇಕಾದವನು ನೆಲದ ಒಡೆಯನೋ, ಹೊರಗಿನಿಂದ ಬಂದವನೋ ಎಂದು ಕೇಳಿದರು. ರಿಬೇಕ್ ವಾದಕ್ಕೆ ವಾದ ಹೂಡುತ್ತಾ ಹೋಗಿ ಕೊನೆಗೆ, ಯುದ್ಧದಲ್ಲಿ ನೆಲ ನಮ್ಮದಾಯಿತು, ಅದನ್ನು ಉಳಿಸಿಕೊಳ್ಳುತ್ತೇವೆ ಎಂದನು. ಆ ನೆಲದಲ್ಲಿ ಬೆಳೆಯುವ ಕಾಡಿನ ಕಹಿಬಾದಾಮಿಯನ್ನಾದರೂ ಆರಿಸಿಕೊಳ್ಳಲು ಬಿಡಿ ಎಂದು ಅವರು ಬೇಡಿದರು. ನಂಜಿನ ಕಾಯಿ ಅದು. ನೆನೆಹಾಕಿ, ಬೇಯಿಸಿ ಅದನ್ನು ಉಣ್ಣುವ ವಿದ್ಯೆ ಅವರದು. ಅದಕ್ಕೂ ಅಪ್ಪಣೆ ಸಿಗಲಿಲ್ಲ, ಏಕೆಂದರೆ ಆ ಬೀಜ ಕಂಪನಿಗೆ ಬೇಕಾಗಿತ್ತು: ಅವರನ್ನೂ ಅವರ ದನಗಳನ್ನೂ ಹೊರಗಿಡುವ ಬೇಲಿ ಹಾಕಲು. ಆ ಬೇಲಿಯ ತುಂಡೊಂದು ಕೇಪ್‌ಟೌನಿನ ಕಿರ್ಸ್ಟನ್‌ಬಾಷ್ ಸಸ್ಯೋದ್ಯಾನದಲ್ಲಿ ಇಂದಿಗೂ ಬೆಳೆಯುತ್ತಿದೆ.

ಮುಂದಿನದು ಬೇಗ ಹೇಳಿ ಮುಗಿಸುವಂಥದು. 1672ರಲ್ಲಿ ಕಂಪನಿ ಕೇಪ್ ಎಂದು ಕರೆಯುತ್ತಿದ್ದ ಈ ನೆಲಕ್ಕೆ ಕ್ರಯಪತ್ರ ಬರೆಸಿಕೊಂಡಿತು. ಪತ್ರದಲ್ಲಿ ಕಾಣಿಸಿದ ಬೆಲೆಗೂ ಕೊಟ್ಟ ಸರಕಿನ ಬೆಲೆಗೂ ತಾಳೆಯೇ ಇರಲಿಲ್ಲ. 1673ರಿಂದ 1677ರವರೆಗಿನ ಯುದ್ಧದಲ್ಲಿ ಕೊಚೊಕ್ವಾ ಕುಲದ ಮುಖಂಡ ಗೊನ್ನೆಮನ ಮಂದೆಗಳು ಡಚ್ಚರ ಪಾಲಾದವು. 1713ರಲ್ಲಿ ಹಡಗೊಂದರಿಂದ ಒಗೆಯಲು ಇಳಿಸಿದ ಬಟ್ಟೆಗಳೊಂದಿಗೆ ಸಿಡುಬು ದಡಕ್ಕೆ ಬಂತು. ಹಟ್ಟಿಗೆ ಹಟ್ಟಿಯೇ ಬರಿದಾಯಿತು.

ಖೋಯ್‌ಖೋಯ್‌ಗಳನ್ನು ಅಳಿಸಿದ್ದು ಸಿಡುಬು ಎಂದು ಬರೆಯುವವರಿದ್ದಾರೆ. ಒಪ್ಪತಕ್ಕ ಮಾತಲ್ಲ. ಸಿಡುಬು ಬರುವ ಹೊತ್ತಿಗೆ ಅವರ ಹುಲ್ಲು, ನೀರು, ಮಂದೆ ಮೂರೂ ಕೈಬಿಟ್ಟಿದ್ದವು. ಬಹುಮಂದಿ ತಮ್ಮದೇ ನೆಲದಲ್ಲಿ ಡಚ್ಚರ ಹೊಲದ ಆಳುಗಳಾಗಿದ್ದರು. ಅದು ರೋಗ ಮಾಡಿದ ಕೆಲಸವಲ್ಲ, ಮನುಷ್ಯರು ತಿಳಿದೂ ತಿಳಿದೂ ಮಾಡಿದ್ದು.