ಮ್ಯಾಕ್ರೋ ದೋಷಗಳ ಪೂರ್ವಕಥೆ

ಕಚೇರಿಗಳಲ್ಲಿ ದುಡಿಯುವ ನಮ್ಮ ಸಂಘದ ಸದಸ್ಯರಲ್ಲಿ ಅನೇಕರು ಈ ತೊಂದರೆಯನ್ನು ಬಲ್ಲರು. ಹಲವರು ಕೂಡಿ ಬಳಸುವ ಎಕ್ಸೆಲ್ ಕಡತವೊಂದು ಕಚೇರಿಯ ಸರ್ವರಿನಲ್ಲಿ ಇರುತ್ತದೆ. ನಿನ್ನೆಯವರೆಗೆ ಗುಂಡಿ ಒತ್ತಿದೊಡನೆ ವೇತನಪಟ್ಟಿಯನ್ನೋ ಬಾಕಿಯ ತಖ್ತೆಯನ್ನೋ ಸಿದ್ಧಪಡಿಸಿಕೊಡುತ್ತಿದ್ದ ಕಡತ, ಇಂದು ತೆರೆದರೆ ಮೇಲ್ಭಾಗದಲ್ಲಿ ಹಳದಿಯ ಅಥವಾ ಕೆಂಪು ಪಟ್ಟಿಯೊಂದನ್ನು ತೋರಿಸಿ ಸುಮ್ಮನಾಗುತ್ತದೆ. ಪಕ್ಕದ ಮೇಜಿನಲ್ಲಿ ಅದೇ ಕಡತ ಸರಾಗವಾಗಿ ನಡೆಯುತ್ತಿರುತ್ತದೆ. ತಾನೇನೋ ಕೆಡಿಸಿದೆನೆಂದು ಗುಮಾಸ್ತ ಅಂಜುತ್ತಾನೆ; ಯಂತ್ರ ಕೆಟ್ಟಿದೆಯೆಂದು ಮೇಲಧಿಕಾರಿ ಸಿಡುಕುತ್ತಾರೆ. ಬಹುಮಟ್ಟಿಗೆ ಎರಡೂ ನಿಜವಲ್ಲ.

ಶಾಸನವನ್ನು ಓದುವವರು ಅಕ್ಷರಗಳ ಬಗೆಯನ್ನು ನೋಡಿ ಕಲ್ಲಿನ ಕಾಲವನ್ನು ನಿರ್ಣಯಿಸುವುದುಂಟು. ಈ ದೋಷಸೂಚನೆಗಳನ್ನೂ ಹಾಗೆಯೇ ಓದಬಹುದು. ಒಂದೊಂದು ಸೂಚನೆಯ ಹಿಂದೆಯೂ ಒಂದು ಇಸವಿ ಇದೆ, ಆ ಇಸವಿಯಲ್ಲಿ ಯಾರೋ ಕೈಗೊಂಡ ಒಂದು ನಿರ್ಧಾರವಿದೆ. ಅದನ್ನು ತಿಳಿದರೆ ಅಂಜಿಕೆ ಹೋಗುತ್ತದೆ, ಪರಿಹಾರವೂ ತೋರುತ್ತದೆ.

ಗಣಕಯಂತ್ರದ ಪರದೆಯ ಮೇಲೆ ಮನೆಮನೆಯಾಗಿ ಗೆರೆ ಎಳೆದ ಲೆಕ್ಕದ ಹಾಳೆಯನ್ನು ತಂದವರು ಅಮೆರಿಕದ ಡ್ಯಾನ್ ಬ್ರಿಕ್ಲಿನ್ ಮತ್ತು ಬಾಬ್ ಫ್ರಾಂಕ್‌ಸ್ಟನ್. 1979ರಲ್ಲಿ ಆಪಲ್-2 ಯಂತ್ರಕ್ಕಾಗಿ ಬಂದ ಅವರ ವಿಸಿಕ್ಯಾಲ್ಕ್‌ನಲ್ಲಿ ಒಂದು ಅಂಕಿಯನ್ನು ತಿದ್ದಿದರೆ ಮೊತ್ತಗಳೆಲ್ಲ ತಾವಾಗಿಯೇ ತಿದ್ದಿಕೊಳ್ಳುತ್ತಿದ್ದವು. ಲೆಡ್ಜರಿನಲ್ಲಿ ರಬ್ಬರು ಹಿಡಿದು ಕೂತವರಿಗೆ ಇದೊಂದು ವರವೇ ಸರಿ. ಆದರೆ ಪ್ರತಿ ತಿಂಗಳೂ ಅದೇ ಕೀಲಿಗಳನ್ನು ಅದೇ ಕ್ರಮದಲ್ಲಿ ಒತ್ತುವ ಬೇಸರ ಉಳಿದೇ ಇತ್ತು.

ಆ ಬೇಸರವನ್ನು ಕಳೆದದ್ದು 1983ರ ಜನವರಿಯಲ್ಲಿ ಐ.ಬಿ.ಎಂ. ಪಿ.ಸಿ.ಗಾಗಿ ಬಂದ ಲೋಟಸ್ 1-2-3. ಒತ್ತಬೇಕಾದ ಕೀಲಿಗಳ ಸಾಲನ್ನು ಹಾಳೆಯ ಮನೆಯೊಂದರಲ್ಲಿ ಬರೆದು, ಅದಕ್ಕೆ ಒಂದಕ್ಷರದ ಹೆಸರಿಟ್ಟರೆ ಸಾಕು. ಆಲ್ಟ್ ಕೀಲಿಯೊಡನೆ ಆ ಅಕ್ಷರವನ್ನು ಒತ್ತಿದಾಗ ಸಾಲೆಲ್ಲ ತಾನಾಗಿ ನಡೆಯುತ್ತಿತ್ತು. ಇದೇ ಮ್ಯಾಕ್ರೋ. ಅಕ್ಷರದ ಬದಲು ಸೊನ್ನೆಯ ಹೆಸರಿಟ್ಟರಂತೂ ಕಡತವನ್ನು ತೆರೆದೊಡನೆಯೇ, ಯಾರ ಅಪ್ಪಣೆಗೂ ಕಾಯದೆ, ಮ್ಯಾಕ್ರೋ ಓಡುತ್ತಿತ್ತು. ಮುಂದಿನ ಅನರ್ಥಗಳಿಗೆಲ್ಲ ಬೀಜ ಈ ಸೌಕರ್ಯದಲ್ಲಿಯೇ ಇತ್ತು. ಲೆಕ್ಕದ ಹಾಳೆ ಅಂದಿನಿಂದ ಬರೀ ಹಾಳೆಯಾಗಿ ಉಳಿಯಲಿಲ್ಲ. ಕೈಕಾಲು ಬಂದ ಹಾಳೆಯಾಯಿತು.

ಅದೇ ದಶಕದಲ್ಲಿ ನಾವೆಲ್ ಸಂಸ್ಥೆಯ ನೆಟ್‌ವೇರ್ ಮುಂತಾದವುಗಳಿಂದ ಕಚೇರಿಯ ಯಂತ್ರಗಳು ತಂತಿಯ ಮೂಲಕ ಒಂದಕ್ಕೊಂದು ಜೋಡಿಸಲ್ಪಟ್ಟವು. ಫ್ಲಾಪಿಯನ್ನು ಕೈಯಲ್ಲಿ ಹಿಡಿದು ಮೇಜಿನಿಂದ ಮೇಜಿಗೆ ಅಲೆಯುವುದು ತಪ್ಪಿ, ಒಂದೇ ಕಡತವನ್ನು ಹತ್ತು ಮಂದಿ ತೆರೆಯುವಂತಾಯಿತು. 1985ರಲ್ಲಿ ಮ್ಯಾಕಿಂಟಾಷ್‌ಗೂ 1987ರಲ್ಲಿ ವಿಂಡೋಸ್‌ಗೂ ಬಂದ ಮೈಕ್ರೋಸಾಫ್ಟಿನ ಎಕ್ಸೆಲ್, 1993ರಲ್ಲಿ ವಿ.ಬಿ.ಎ. ಎಂಬ ಪೂರ್ಣಪ್ರಮಾಣದ ಪ್ರೋಗ್ರಾಂ ಭಾಷೆಯನ್ನೇ ಒಳಗೊಂಡಿತು. ಈಗ ಮ್ಯಾಕ್ರೋ ಕೂಡುವುದು ಕಳೆಯುವುದಷ್ಟೇ ಅಲ್ಲ, ಬೇರೆ ಕಡತಗಳನ್ನು ತೆರೆಯಬಲ್ಲದು, ಬರೆಯಬಲ್ಲದು, ಅಳಿಸಲೂ ಬಲ್ಲದು.

ಬಾಗಿಲು ತೆರೆದಿಟ್ಟ ಮನೆಗೆ ಕಳ್ಳ ಬರಲು ತಡವಾಗಲಿಲ್ಲ. 1995ರಲ್ಲಿ ವರ್ಡ್ ಕಡತಗಳಲ್ಲಿ ಕಾನ್ಸೆಪ್ಟ್ ಎಂಬ ಮ್ಯಾಕ್ರೋ ವೈರಸ್ ಹರಡಿತು. 1996ರ ಜುಲೈಯಲ್ಲಿ ಎಕ್ಸೆಲ್‌ಗೂ ಒಂದು ಕಾಣಿಸಿಕೊಂಡಿತು, ಹೆಸರು ಲಾರೂ. ಸೋಂಕು ತಗಲಿದ ಕಡತವನ್ನು ತೆರೆದರೆ, ಎಕ್ಸೆಲ್ ಪ್ರಾರಂಭವಾಗುವಾಗ ತಾನಾಗಿ ತೆರೆಯುವ ಕಡತದೊಳಗೆ ಅದು ಮನೆ ಮಾಡಿಕೊಳ್ಳುತ್ತಿತ್ತು. ಅನಂತರ ಆ ಯಂತ್ರದಲ್ಲಿ ಬಳಸಿದ ಇತರ ಕಡತಗಳಿಗೂ ಅದು ಅಂಟುತ್ತಿತ್ತು. ಹಾನಿಯನ್ನೇನೂ ಮಾಡುತ್ತಿರಲಿಲ್ಲ, ಆದರೆ ಹತ್ತು ಮಂದಿ ಬಳಸುವ ಕಡತದ ಮೂಲಕ ಹತ್ತು ಯಂತ್ರಗಳಿಗೆ ಹೋಗಬಹುದೆಂಬುದನ್ನು ತೋರಿಸಿಕೊಟ್ಟಿತು. 1999ರ ಮಾರ್ಚ್ 26ರಂದು ಹೊರಟ ಮೆಲಿಸ್ಸಾ, ತೆರೆದವನ ವಿಳಾಸಪಟ್ಟಿಯ ಮೊದಲ 50 ವಿಳಾಸಗಳಿಗೆ ಅವನ ಹೆಸರಿನಲ್ಲಿಯೇ ತನ್ನನ್ನು ಕಳಿಸಿಕೊಂಡಿತು. ಪರಿಚಿತರಿಂದ ಬಂದ ಕಾಗದವೆಂದು ಜನ ನಂಬಿ ತೆರೆದರು. ಅದನ್ನು ಬಿಟ್ಟ ಡೇವಿಡ್ ಸ್ಮಿತ್‌ಗೆ 2002ರಲ್ಲಿ ಅಮೆರಿಕದ ನ್ಯಾಯಾಲಯ 20 ತಿಂಗಳ ಸೆರೆವಾಸ ವಿಧಿಸಿತು.

ಇದು ಕಚೇರಿಯೊಳಗಿನ ಕಿರಿಕಿರಿ ಮಾತ್ರವಲ್ಲವೆಂಬುದು 2015ರ ಡಿಸೆಂಬರ್ 23ರಂದು ಲೋಕಕ್ಕೆ ತಿಳಿಯಿತು. ಯುಕ್ರೇನ್ ದೇಶದ ವಿದ್ಯುತ್ ವಿತರಣಾ ಕಂಪನಿಗಳ ಜಾಲಕ್ಕೆ ದುಷ್ಕರ್ಮಿಗಳು ನುಗ್ಗಿ ಸುಮಾರು 2,25,000 ಗ್ರಾಹಕರ ವಿದ್ಯುತ್ತನ್ನು ಕಡಿದರು. ಅವರು ತಿಂಗಳುಗಳ ಮೊದಲೇ ಒಳಹೊಕ್ಕ ದಾರಿಯಾದರೂ ಯಾವುದು? ನೌಕರರಿಗೆ ಇ-ಮೇಲಿನಲ್ಲಿ ಬಂದ, ಮ್ಯಾಕ್ರೋ ಅಡಗಿದ್ದ ಕಡತ. ಯಾರೋ ಒಬ್ಬರು ಮ್ಯಾಕ್ರೋ ಓಡಲು ಸಮ್ಮತಿಸಿದ್ದರು, ಅಷ್ಟೇ ಸಾಕಾಯಿತು.

ಹೀಗೆ ಒಂದೊಂದು ಪೆಟ್ಟಿಗೂ ಒಂದೊಂದು ಅಗುಳಿ ಬಿದ್ದಿತು. 1997ರ ಆವೃತ್ತಿಯಲ್ಲಿ, ಮ್ಯಾಕ್ರೋ ಓಡಲೋ ಬೇಡವೋ ಎಂಬ ಪ್ರಶ್ನೆ ಬಂದಿತು. 2007ರಲ್ಲಿ ಕಡತಗಳನ್ನೇ ಎರಡು ಜಾತಿಯಾಗಿ ವಿಂಗಡಿಸಿದರು: ಹೆಸರಿನ ಕೊನೆಗೆ ಎಕ್ಸ್.ಎಲ್.ಎಸ್.ಎಕ್ಸ್. ಇದ್ದರೆ ಅದರಲ್ಲಿ ಮ್ಯಾಕ್ರೋ ಇರಲಾರದು, ಎಕ್ಸ್.ಎಲ್.ಎಸ್.ಎಂ. ಇದ್ದರೆ ಇರಬಹುದು. ಅದೇ ವರ್ಷ ‘ನಂಬಿಕೆಯ ಸ್ಥಳ’ ಎಂಬ ಏರ್ಪಾಡು ಬಂದಿತು. ಅಂಥ ಸ್ಥಳದಲ್ಲಿಟ್ಟ ಕಡತದ ಮ್ಯಾಕ್ರೋ ಪ್ರಶ್ನೆಯಿಲ್ಲದೆ ಓಡುತ್ತದೆ. ಆದರೆ ಜಾಲದ ಮೇಲಿನ ಫೋಲ್ಡರನ್ನು ಈ ಪಟ್ಟಿಗೆ ಸೇರಿಸಲು ಬೇರೆಯೇ ಅನುಮತಿ ಬೇಕು. 2010ರಲ್ಲಿ, ಹೊರಗಿನ ಕಡತಗಳನ್ನು ಓದಲಷ್ಟೇ ಬಿಡುವ ರಕ್ಷಿತ ನೋಟ ಬಂದಿತು. 2022ರಲ್ಲಿ, ಇಂಟರ್‌ನೆಟ್ಟಿನಿಂದ ಬಂದ ಕಡತಗಳ ಮ್ಯಾಕ್ರೋಗಳನ್ನು ಪೂರ್ತಿಯಾಗಿ ತಡೆಯುವುದಾಗಿ ಮೈಕ್ರೋಸಾಫ್ಟ್ ಫೆಬ್ರವರಿಯಲ್ಲಿ ಸಾರಿತು. ಏಪ್ರಿಲ್‌ನಲ್ಲಿ ಪ್ರಾರಂಭಿಸಿ, ಜುಲೈಯಲ್ಲಿ ಹಿಂದೆಗೆದು, ಆ ತಿಂಗಳ ಕೊನೆಯಲ್ಲಿ ಮತ್ತೆ ಜಾರಿಗೆ ತಂದಿತು.

ಈಗ ನಮ್ಮ ಮೇಜಿನ ಮೇಲಿನ ಸೂಚನೆಗಳನ್ನು ಓದೋಣ. ಹಳದಿ ಪಟ್ಟಿ ಹಳೆಯ ಪ್ರಶ್ನೆಯ ಮುಂದುವರಿಕೆ. ಒಪ್ಪಿಗೆ ಕೊಟ್ಟರೆ ಓಡುತ್ತದೆ. 2010ರಿಂದೀಚೆಗೆ ಈ ಒಪ್ಪಿಗೆ ಒಬ್ಬೊಬ್ಬ ಬಳಕೆದಾರನ ಲೆಕ್ಕದಲ್ಲಿ ಬೇರೆಬೇರೆಯಾಗಿ ದಾಖಲಾಗುತ್ತದೆ. ಪಕ್ಕದ ಮೇಜಿನಲ್ಲಿ ನಡೆದದ್ದು ನಮ್ಮಲ್ಲಿ ನಡೆಯದಿರಲು ಇದು ಒಂದು ಮುಖ್ಯ ಕಾರಣ.

ಕೆಂಪು ಪಟ್ಟಿ 2022ರದು. ಅಲ್ಲಿ ಒಪ್ಪಿಗೆಯ ಗುಂಡಿಯೇ ಇಲ್ಲ. ಟಪಾಲು ವಿಭಾಗದಲ್ಲಿ ಹೊರಗಿನ ಕಾಗದಕ್ಕೆ ಆವಕದ ಮೊಹರು ಒತ್ತುವಂತೆ, ಇಂಟರ್‌ನೆಟ್ಟಿನಿಂದ ಇಳಿಸಿಕೊಂಡ ಕಡತಕ್ಕೆ ವಿಂಡೋಸ್ ಒಂದು ಗುರುತು ಅಂಟಿಸುತ್ತದೆ. ಕಡತ ನಂಬಿಕೆಗೆ ಅರ್ಹವೆಂದು ಖಾತ್ರಿಯಾದ ಮೇಲೆ, ಅದರ ಪ್ರಾಪರ್ಟೀಸ್ ಪುಟದಲ್ಲಿರುವ ‘ಅನ್‌ಬ್ಲಾಕ್’ ಚೌಕವನ್ನು ಗುರುತಿಸಿ ಈ ಮೊಹರನ್ನು ತೆಗೆಯಬಹುದು. ಮೊಹರೇ ಇಲ್ಲದ ಕಡತಕ್ಕೂ ಕೆಂಪು ಬಂದರೆ ಸರ್ವರಿನ ವಿಳಾಸವನ್ನು ನೋಡಬೇಕು. ಸರ್ವರನ್ನು ಅದರ ಚಿಕ್ಕ ಹೆಸರಿನಿಂದ ಕರೆದರೆ ವಿಂಡೋಸ್ ಅದನ್ನು ಮನೆಯವನೆಂದು ಬಗೆಯುತ್ತದೆ; ಅಂಕಿಗಳ ಐ.ಪಿ. ವಿಳಾಸದಿಂದ ಕರೆದರೆ ಹೊರಗಿನವನೆಂದು ಬಗೆಯುವುದುಂಟು. ಸರ್ವರು ಅದೇ, ಕಡತ ಅದೇ. ಕರೆದ ಹೆಸರಿನಲ್ಲಿ ವ್ಯತ್ಯಾಸ.

ದೋಷ 76 ಬಂದರೆ ಅದು ಭದ್ರತೆಯ ಮಾತಲ್ಲ, ದಾರಿ ಸಿಗಲಿಲ್ಲವೆಂದು ಅರ್ಥ. ಮ್ಯಾಕ್ರೋ ಬರೆದವರ ಯಂತ್ರದಲ್ಲಿ ಸರ್ವರಿನ ಫೋಲ್ಡರು ಝಡ್ ಡ್ರೈವ್ ಆಗಿದ್ದು ನಮ್ಮಲ್ಲಿ ವೈ ಆಗಿರಬಹುದು. ಡ್ರೈವಿನ ಅಕ್ಷರದ ಬದಲು ಸರ್ವರಿನ ಹೆಸರಿನಿಂದ ಪೂರ್ತಿ ದಾರಿಯನ್ನು ಬರೆದರೆ ಇದು ತಪ್ಪುತ್ತದೆ. ‘ಲೈಬ್ರರಿ ಸಿಗುತ್ತಿಲ್ಲ’ ಎಂಬ ಸೂಚನೆ 1993ರ ವಿ.ಬಿ.ಎ.ಯ ಬಳುವಳಿ, ಅದು ಬೇರೆ ತಂತ್ರಾಂಶಗಳಿಂದ ಸಾಮಗ್ರಿಯನ್ನು ಕಡ ತರುತ್ತದೆ, ಕಡ ಕೊಡುವವರು ಈ ಯಂತ್ರದಲ್ಲಿ ಇಲ್ಲದಿದ್ದರೆ ನಿಲ್ಲುತ್ತದೆ. 2010ರಲ್ಲಿ ಆಫೀಸ್‌ನ 64 ಬಿಟ್ ಆವೃತ್ತಿ ಬಂದಾಗ, ವಿಂಡೋಸನ್ನು ನೇರವಾಗಿ ಕರೆಯುವ ಹಳೆಯ ಮ್ಯಾಕ್ರೋಗಳಿಗೆ ‘ಪಿ.ಟಿ.ಆರ್.ಸೇಫ್’ ಎಂಬ ಪದವನ್ನು ಸೇರಿಸಬೇಕಾಯಿತು. ಸೇರಿಸದವು ಅಲ್ಲಿ ಇಂದಿಗೂ ಓಡುವುದಿಲ್ಲ.

ಕನ್ನಡಿಗರಾದ ನಮಗೆ ಎದುರಾಗುವ ತೊಡಕೂ ಒಂದುಂಟು. ಎಕ್ಸೆಲ್ ಹಾಳೆಗೆ ‘ಸದಸ್ಯರು’ ಎಂದು ಕನ್ನಡದಲ್ಲಿ ಹೆಸರಿಡಲು ಅಡ್ಡಿಯಿಲ್ಲ. ಆದರೆ ವಿ.ಬಿ.ಎ. ಬರೆಯುವ ಕಿಟಕಿ ಯೂನಿಕೋಡ್ ರೂಢಿಗೆ ಬರುವ ಮೊದಲಿನ ಕಾಲದ್ದು. ಅಲ್ಲಿ ಕನ್ನಡ ಅಕ್ಷರಗಳು ಬರೀ ಪ್ರಶ್ನೆಚಿಹ್ನೆಗಳಾಗುತ್ತವೆ. ಪ್ರಶ್ನೆಚಿಹ್ನೆಗಳ ಹೆಸರಿನ ಹಾಳೆ ಇಲ್ಲದಿರುವುದರಿಂದ ದೋಷ 9 ಬರುತ್ತದೆ. ಹಾಳೆಗೆ ಒಳಗಿರುವ ಇಂಗ್ಲಿಷಿನ ಸಂಕೇತನಾಮವನ್ನು ಬಳಸುವುದು ಸುಲಭದ ದಾರಿ. ಅಕ್ಷರವೇ ಬೇಕಾದರೆ ಅದರ ಯೂನಿಕೋಡ್ ಸಂಖ್ಯೆಯಿಂದ ಕರೆಯಬಹುದು. ‘ಕ’ ಅಕ್ಷರದ ಸಂಖ್ಯೆ 3221. ಸಂಘಗಳ ಸದಸ್ಯರ ಪಟ್ಟಿಯನ್ನು ಕನ್ನಡದಲ್ಲಿ ಇಡುವವರಿಗೆ ಈ ವಿಷಯ ಉಪಯೋಗಕ್ಕೆ ಬಂದೀತು.

ಕೊನೆಯದಾಗಿ ಒಂದು ಮಾತು. ಅಗುಳಿಗಳೆಲ್ಲ ಕಿರಿಕಿರಿಯೆಂದು ಭದ್ರತೆಯನ್ನೇ ಕೆಳಮಟ್ಟಕ್ಕೆ ಇಳಿಸಿಬಿಡುವುದು ಕೆಲವು ಕಡೆ ರೂಢಿಯಾಗಿದೆ. ಅದು ಕಳ್ಳನ ಅಂಜಿಕೆಗಾಗಿ ಹಾಕಿದ ಬೀಗವನ್ನು ನೆಂಟರು ಬರಲೆಂದು ಮುರಿದಂತೆ. ಸರಿಯಾದ ದಾರಿಯೆಂದರೆ, ಒಂದೇ ಒಂದು ಫೋಲ್ಡರನ್ನು ಗಣಕ ವಿಭಾಗದವರಿಂದ ನಂಬಿಕೆಯ ಸ್ಥಳವೆಂದು ನಮೂದಿಸಿ, ಅದರಲ್ಲಿ ಬರೆಯುವ ಅಧಿಕಾರವನ್ನು ಕೆಲವರಿಗಷ್ಟೇ ಕೊಡುವುದು.

ಅದಕ್ಕಿಂತಲೂ ದೊಡ್ಡ ತೊಂದರೆ ಯಂತ್ರದ್ದಲ್ಲ, ನಮ್ಮದು. ಕೇಂದ್ರ ಸರ್ಕಾರದ ನೌಕರಿಯಲ್ಲಿ ವರ್ಗಾವಣೆ ತಪ್ಪಿದ್ದಲ್ಲ. ಮ್ಯಾಕ್ರೋ ಬರೆದವರು ಬೇರೆ ಊರಿಗೆ ಹೋಗುತ್ತಾರೆ, ನಿವೃತ್ತರಾಗುತ್ತಾರೆ. ಅವರ ತಲೆಯಲ್ಲಿದ್ದದ್ದು ಅವರೊಡನೆಯೇ ಹೋಗುತ್ತದೆ. ಹಿಂದೆ ಚಾರ್ಜು ವಹಿಸಿಕೊಡುವಾಗ ಬೀರುವಿನ ಕೀಲಿಕೈ, ರಿಜಿಸ್ಟರುಗಳ ಪಟ್ಟಿ ಎಲ್ಲವನ್ನೂ ಬರೆದು ಸಹಿ ಮಾಡುತ್ತಿದ್ದೆವು. ಮ್ಯಾಕ್ರೋಗೂ ಆ ಮರ್ಯಾದೆ ಸಲ್ಲಬೇಕು. ಕಡತದ ಮೊದಲ ಹಾಳೆಯಲ್ಲಿಯೇ ಅದು ಏನು ಮಾಡುತ್ತದೆ, ಯಾವ ಫೋಲ್ಡರನ್ನು ಹುಡುಕುತ್ತದೆ, ಆಫೀಸ್‌ನ ಯಾವ ಆವೃತ್ತಿಯಲ್ಲಿ ಬರೆದದ್ದು, ಬರೆದವರು ಯಾರು ಎಂದು ನಾಲ್ಕು ಸಾಲು ಬರೆದಿಡಬೇಕು. ತಿಂಗಳ ಕೊನೆಯ ದಿನ ವೇತನದ ಪಟ್ಟಿಗಾಗಿ ಕಾದು ಕುಳಿತ ಸಹೋದ್ಯೋಗಿಗೆ ಆ ನಾಲ್ಕು ಸಾಲುಗಳು ಮಾಡುವ ಉಪಕಾರ ಸಣ್ಣದಲ್ಲ.