ಹಸಿದ ಕಲ್ಲು ಮತ್ತು ಕಾರವಾರದ ಕಡಲು

ಈಚೆಗೆ ಅಂಕೋಲೆಗೆ ತಂಗಿಯ ಮನೆಗೆ ಹೋಗಿದ್ದೆ. ಅವಳ ಮಗಳು, ಹದಿನಾರರ ಹುಡುಗಿ, "ಮಾಮಾ, ಎದೆ ನಡುಗಿಸುವಂಥದೇನಾದರೂ ಓದಲು ಹೇಳು" ಎಂದು ಗಂಟುಬಿದ್ದಳು. ತಂಗಿಗೆ ಇದು ಹಿಡಿಸಲಿಲ್ಲ. "ಮೊದಲೇ ಕತ್ತಲಾದರೆ ಹಿತ್ತಲಿಗೆ ಕಾಲಿಡುವುದಿಲ್ಲ; ಇನ್ನು ಇದೊಂದು ಬಾಕಿ!" ಎಂದಳು. ತಾಯಿಯ ಅಂಜಿಕೆ ಸಹಜವೇ. ಆದರೂ ನಾನು ರವೀಂದ್ರನಾಥ ಠಾಕೂರರ 'ಕ್ಷುಧಿತ ಪಾಷಾಣ'ವನ್ನು ಹೆಸರಿಸಿದೆ. ಕ್ಷುಧಿತ ಪಾಷಾಣವೆಂದರೆ ಹಸಿದ ಕಲ್ಲು. ಅದು ಕಾದಂಬರಿಯಲ್ಲ, ಸಣ್ಣ ಕಥೆ. ಆದರೆ ಭಯಕ್ಕೇನೂ ಕೊರತೆಯಿಲ್ಲ.

ಆ ಭಯ ಹುಟ್ಟಿದ್ದು ಲೇಖಕನ ಹದಿಹರೆಯದಲ್ಲಿಯೇ ಎಂಬುದನ್ನು ಗಮನಿಸಬೇಕು. ಅಣ್ಣ ಸತ್ಯೇಂದ್ರನಾಥರು ಐ.ಸಿ.ಎಸ್. ಸೇರಿದ ಮೊದಲ ಭಾರತೀಯರು. 1878ರಲ್ಲಿ ಅವರು ಅಹಮದಾಬಾದಿನಲ್ಲಿ ನ್ಯಾಯಾಧೀಶರಾಗಿದ್ದರು; ವಾಸ ಶಾಹಿಬಾಗಿನ ಮೊಗಲ್ ಅರಮನೆಯಲ್ಲಿ. ಅಣ್ಣ ಕಚೇರಿಗೆ ಹೋದ ಮೇಲೆ ಹದಿನೇಳರ ತಮ್ಮ ಆ ಬರಿದಾದ ಕೋಣೆಗಳಲ್ಲಿ ಒಬ್ಬನೇ ಅಲೆಯುತ್ತಿದ್ದ. ಕೆಳಗೆ ಬೇಸಿಗೆಯ ಸಾಬರಮತಿ. ಆ ಅನುಭವವೇ 1895ರಲ್ಲಿ ಕಥೆಯಾಯಿತು.

ಕಥೆಯ ಅರಮನೆಯಲ್ಲಿ ಮೂರು ರಾತ್ರಿ ಕಳೆದವರು ಉಳಿಯುವುದಿಲ್ಲ. ಪಾರಾದವನು ಮೆಹರ್ ಅಲಿ ಒಬ್ಬನೇ. ಅವನೂ ಬುದ್ಧಿ ಕಳೆದುಕೊಂಡ. ಭೋಗಕ್ಕಾಗಿ ಕಟ್ಟಿದ ಆ ಕಲ್ಲುಗಳಲ್ಲಿ ತಣಿಯದ ಆಸೆಗಳು, ನೊಂದವರ ಶಾಪಗಳು ಇಂಗಿವೆ. ತನ್ನನ್ನು ಬಿಡಿಸೆಂದು ಹೆಣ್ಣೊಬ್ಬಳು ಅಳುವುದು ಅಲ್ಲಿ ಕೇಳಿಸುತ್ತದೆ.

ಅದೇ ಅಣ್ಣನಿಗೆ ಮುಂದೆ ಕಾರವಾರಕ್ಕೆ ವರ್ಗವಾಯಿತು. 1883ರ ಸುಮಾರಿಗೆ, ಮದುವೆಗೆ ಮುನ್ನ, ಇಪ್ಪತ್ತೆರಡರ ರವೀಂದ್ರರು ಇಲ್ಲಿಗೆ ಬಂದರು. ಅರ್ಧಚಂದ್ರಾಕಾರದ ಕಡಲತೀರ, ಗಾಳಿಮರಗಳು, ಬೆಳದಿಂಗಳಲ್ಲಿ ಕಾಳಿ ನದಿಯ ದೋಣಿವಿಹಾರ, ಇವೆಲ್ಲ ಅವರ 'ಜೀವನಸ್ಮೃತಿ'ಯಲ್ಲಿ ಬಂದಿವೆ. ಇಷ್ಟೊಂದು ಚೆಲುವಿನ ನಡುವೆ ಅವರು ಬರೆದದ್ದಾದರೂ ಏನು? 'ಪ್ರಕೃತಿರ್ ಪ್ರತಿಶೋಧ' ಎಂಬ ನಾಟಕ; ಎಂದರೆ ಪ್ರಕೃತಿಯ ಸೇಡು. ಮಮತೆಯನ್ನೇ ಗೆದ್ದೆನೆಂದು ಬೀಗುವ ಸಂನ್ಯಾಸಿ, ಊರೆಲ್ಲ ದೂರವಿಟ್ಟ ಅನಾಥ ಬಾಲೆಯೊಬ್ಬಳಿಗೆ ಆಸರೆಯಾಗುತ್ತಾನೆ. ಅವಳ ಮೇಲಿನ ಅಕ್ಕರೆ ತನ್ನನ್ನು ಕಟ್ಟಿಹಾಕೀತೆಂದು ಹೆದರಿ ಬಿಟ್ಟುಹೋಗುತ್ತಾನೆ. ಪಶ್ಚಾತ್ತಾಪಪಟ್ಟು ಮರಳಿದಾಗ ಅವಳು ಸತ್ತಿರುತ್ತಾಳೆ.

ಇಲ್ಲಿ ದೆವ್ವವಿಲ್ಲ. ಆದರೂ ನನಗೆ ಈ ನಾಟಕವೇ ಹೆಚ್ಚು ಭಯಂಕರವೆನಿಸುತ್ತದೆ. ಅರಮನೆಯಲ್ಲಿ ಅಳುವವಳು ಎಂದೋ ಸತ್ತವಳು. ಅವಳನ್ನು ಉಳಿಸುವ ಕಾಲ ಮೀರಿದೆ. ಇವಳಾದರೋ ಕಣ್ಣೆದುರು ಬದುಕಿದ್ದವಳು. ಬೆಚ್ಚಿಬೀಳಿಸುವುದಷ್ಟೇ ಭಯಾನಕ ಕಥೆಯ ಕೆಲಸವಾದರೆ ತಂಗಿಯ ಮಾತೇ ಸರಿ. ಕೇಳದೆ ಹೋದ ಅಳುವನ್ನು ಕೇಳಿಸುವ ಭಯವನ್ನು ಮಾತ್ರ ಮಕ್ಕಳಿಂದ ಬಚ್ಚಿಡಬಾರದು.

ಹುಡುಗಿ ಅದೇ ರಾತ್ರಿ ಕಥೆ ಓದಿ ಮುಗಿಸಿದಳು. ಅರಮನೆಯಲ್ಲಿದ್ದ ಇರಾನಿ ದಾಸಿಯೊಬ್ಬಳ ವೃತ್ತಾಂತ ಅದರಲ್ಲಿ ಇನ್ನೇನು ತೊಡಗಬೇಕೆನ್ನುವಾಗ ರೈಲು ಬಂದು, ಮಾತು ಅಲ್ಲಿಗೇ ನಿಲ್ಲುತ್ತದೆ. ಬೆಳಿಗ್ಗೆ ಅವಳು ದೆವ್ವದ ಮಾತೆತ್ತಲಿಲ್ಲ. "ಆ ದಾಸಿಗೆ ಏನಾಯಿತು, ಮಾಮಾ?" ಎಂದು ಕೇಳಿದಳು.

ಚಹಾ ತಂದ ತಂಗಿಯೂ ಉತ್ತರ ಕೇಳಲು ಅಲ್ಲಿಯೇ ಕುಳಿತಳು.